ಐದುಕಾಲಿಯ ಮಂಗಳವಾರಗಳು

ಇದ್ರಲ್ಲಿ ಒಂದಕ್ಷರ ಸುಳ್ಳಿದ್ರೆ ನನ್ನ ಮನೇಲಿರೋ ಮುನ್ನೂರ ಹನ್ನೊಂದು ಡೀಸೆಲ್ ಎಂಜಿನ್ನೂ ನಾಳೆ ಬೆಳಿಗ್ಗೆ ಒಟ್ಟಿಗೆ ಹಳಿ ತಪ್ಪಲಿ. ಒಂದೊಂದೂ ಗೇಣುದ್ದದ್ದು ಅನ್ನೋದು ನಿಜ. ಆದ್ರೂ ಆಣೆ ಆಣೆನೇ.

ಬ್ಯಾರೋ ಊರಲ್ಲಿ ಮೆಥಡಿಸ್ಟ್ ಚರ್ಚಿನ ಹಿಂದೆ ಒಂದು ಹಾಲ್ ಇದೆ. ಮಂಗಳವಾರ ಸಂಜೆ ಆರಕ್ಕೆ ಅಲ್ಲಿ ನಮ್ಮ ಮಾಡೆಲ್ ರೈಲ್ವೆ ಕ್ಲಬ್ಬು ಸೇರುತ್ತೆ. ಹದಿನಾಲ್ಕು ಗಂಡಸರು, ಒಂದು ಟೀ ಕೆಟಲ್, ಹಾಲ್ ಸುತ್ತಾ ಹಳಿ. ಆ ಹಾಲ್ ಎಷ್ಟು ತಣ್ಣಗೆ ಅಂದ್ರೆ, ಒಂದು ಫೆಬ್ರವರೀಲಿ ನಮ್ಮ ಕಾರ್ಯದರ್ಶಿ ಕ್ಲೈವ್ ಸೀನಿದ, ಆ ಸೀನು ಕೆಳಗೆ ಬಿದ್ದು ಒಡೀತು. ಗುಡಿಸಿದ್ದು ನಾನೇ.

ಅಲ್ಲಿಗೆ ಅಕ್ಟೋಬರಿನ ಒಂದು ಮಂಗಳವಾರ ಮ್ಯಾರಿಯನ್ ಕ್ಯಾಸನ್ ಬಂದ್ಲು. ಐವತ್ತೆರಡು ವಯಸ್ಸು, ಒದ್ದೆ ಕೋಟು, ನಿದ್ದೆಯಿಲ್ಲದ ಕಣ್ಣು. ಬಾಗಿಲಲ್ಲೇ ನಿಂತು ಕೇಳಿದ್ಲು: "ಆಟದ ರೈಲಿನೋರು ನೀವೇನಾ?"

ಹಾಲ್ ಪೂರ್ತಿ ಗಪ್‌ಚಿಪ್. ಆ ಪದ ನಮ್ಮಲ್ಲಿ ಯಾರೂ ಬಾಯಿಗೆ ತರಲ್ಲ. ಕುದೀತಿದ್ದ ಕೆಟಲ್ ಕೂಡ ಸಿಳ್ಳೆ ನಿಲ್ಸಿತು.

ಮೂಲೆಯ ಮೇಜಿನಿಂದ ನೆವಿಲ್ ಬ್ರೇತ್‌ವೇಟ್ ತಲೆ ಎತ್ತಿದ. ಐವತ್ತಾರರ ಮನುಷ್ಯ, ಹಡಗುಕಟ್ಟೆಯಲ್ಲಿ ಮೂವತ್ತು ವರ್ಷ ವೆಲ್ಡಿಂಗ್ ಮಾಡಿದೋನು, ಮದುವೆ ಆಗದೋನು. ಹೆಂಗಸರ ಜೊತೆ ಅವನು ಅಲ್ಲೀವರೆಗೆ ಆಡಿದ್ದ ಅತಿ ಉದ್ದದ ಮಾತು "ಚಿಲ್ಲರೆ ಇಟ್ಕೊಳ್ಳಿ".

"ಆಟದ್ದಲ್ಲ ಮೇಡಂ. ಮಾಡೆಲ್."

"ಸರಿ, ಮಾಡೆಲ್," ಅಂದ್ಲು ಮ್ಯಾರಿಯನ್. "ನಮ್ಮಪ್ಪ ಸಾಯ್ತಾ ಇದಾರೆ. ಅವರಿಗೊಂದು ಮಾಡೆಲ್ ಬೇಕು."

ಯಾರೋ ಕುರ್ಚಿ ತಂದಿಟ್ರು. ಕ್ಲೈವ್ ಟೀ ಕೊಟ್ಟ. ಅವಳು ಕೂರ್ಲಿಲ್ಲ, ಕುಡೀಲಿಲ್ಲ, ಸೀದಾ ವಿಷಯಕ್ಕೆ ಬಂದ್ಲು. ಅಪ್ಪ ಐವರ್ ಕ್ಯಾಸನ್, ಎಂಬತ್ಮೂರು ವಯಸ್ಸು. ಚಿಕ್ಕ ವಯಸ್ಸಲ್ಲಿ ರೈಲು ಓಡಿಸ್ತಿದ್ದೋರು. ಈಗ ಶ್ವಾಸಕೋಶ ಮುಗಿದು, ಕೊನೆಗಾಲದವರನ್ನ ನೋಡ್ಕೊಳ್ಳೋ ಹಾಸ್ಪೈಸಲ್ಲಿ ಮಲಗಿದಾರೆ. ಡಾಕ್ಟರು ಎಂಟು ವಾರ ಅಂದಿದಾರೆ. ಮೊದಲು ಓಡಿಸಿದ ಎಂಜಿನ್ ಒಂದ್ಸಲ ಕೈಲಿ ಹಿಡೀಬೇಕು ಅನ್ನೋದೊಂದೇ ಅವರ ಆಸೆ.

"ಯಾವ ಎಂಜಿನ್?"

"ಐದುಕಾಲಿ ಅಂತಾರೆ."

ಹದಿನಾಲ್ಕು ಜನರೂ ಒಟ್ಟಿಗೆ ನಿಟ್ಟುಸಿರು ಬಿಟ್ರು. ಹಾಲ್‌ನ ಕರ್ಟನ್ ಅಲ್ಲಾಡ್ತು.

ಒಂದು ತುದೀಲಿ ಮೂರು ಜೋಡಿ ಚಕ್ರ, ಇನ್ನೊಂದು ತುದೀಲಿ ಎರಡು. ಆ ಅಸಲಿ ಎಂಜಿನ್ನೇ ಓಡಿದ್ದಕ್ಕಿಂತ ಕೆಟ್ಟು ನಿಂತಿದ್ದು ಜಾಸ್ತಿ. ಅದರ ಮಾಡೆಲ್ ಹತ್ತೊಂಬತ್ತು ವರ್ಷದ ಹಿಂದೆ ಒಂದೇ ಒಂದು ಸಣ್ಣ ಕಂಪನಿ ಮಾಡಿತ್ತು. ಐನೂರೇ ಐನೂರು. ಮೇಲ್ಮೈ, ಅಂದ್ರೆ ಹೊರಗಿನ ಕವಚ, ಎಷ್ಟು ಚೆಂದ ಅಂದ್ರೆ ಒಂದೊಂದು ರಿವೆಟ್ಟನ್ನೂ ಬೆರಳಲ್ಲಿ ಎಣಿಸಬಹುದು. ಒಳಗಿನ ಚಾಸಿ ಮಾತ್ರ ಕೆಟ್ಟ ಸತುವಿನ ಎರಕ. ಸತುವಿಗೆ ಚೂರು ಸೀಸ ಸೇರಿತ್ತು ಅಂದ್ರೆ ಲೋಹಕ್ಕೆ ರೋಗ ಹತ್ತುತ್ತೆ. ಹೊರಗೆ ಏನೂ ಕಾಣಲ್ಲ. ಒಳಗೊಳಗೇ ಉಬ್ಬಿ, ಬಿರುಕು ಬಿಟ್ಟು, ಕೊನೆಗೆ ಬಿಸ್ಕತ್ತಿನ ಹಾಗೆ ಪುಡಿ. ಕಂಪನಿನೂ ಪುಡಿಯಾಗಿ ಎಷ್ಟೋ ಕಾಲ ಆಯ್ತು.

"ಹೊಸದು ಯಾರೂ ಮಾಡ್ತಿಲ್ವಾ?" ಮ್ಯಾರಿಯನ್ ಕೇಳಿದ್ಲು.

"ಇನ್ನೊಂದು ಕಂಪನಿ ಮಾಡ್ತೀನಿ ಅಂತ ಹೆಸರು ಬರೆಸ್ಕೊಂಡಿದೆ," ಅಂದ ಕ್ಲೈವ್. "ನಾನು ಬರೆಸಿದೀನಿ. ಹಿಂದೆ ಹೀಗೇ ಒಂದಕ್ಕೆ ಹೆಸರು ಬರೆಸಿ, ಕಾಯ್ತಾ ಮದುವೆ ಆದೆ, ಡೈವೋರ್ಸ್ ಆದೆ, ಅದೇ ಹೆಂಗಸನ್ನ ಮತ್ತೆ ಮದುವೆ ಆದೆ. ಆಮೇಲೆ ಬಂತು. ಹಸಿರು ಬಣ್ಣ ತಪ್ಪಿತ್ತು."

ಇದು ಪೂರಾ ನಿಜ. ಎರಡು ಮದುವೆಯಲ್ಲೂ ನಾನು ಕೇಕ್ ತಿಂದಿದೀನಿ.

ಮ್ಯಾರಿಯನ್ ನೆವಿಲ್ ಕಡೆ ತಿರುಗಿದ್ಲು. "ನಿಮಗೆ ಗೊತ್ತಿರೋ ಕಡೆ ಎಲ್ಲಾದ್ರೂ ಒಂದು ಗಟ್ಟಿಯಾಗಿರೋದು ಸಿಗಲ್ವಾ?"

ಅವನ ಬೀರುವಲ್ಲಿ ಒಂದಿತ್ತು. ಚಳಿಗಾಲದ ಅಂಗಿಗಳ ಕೆಳಗೆ, ಕಂಪನಿಯ ಕಾಗದದ ಸೀಲ್ ಕೂಡ ಒಡೆಯದೆ. ನಮ್ಮವರಿಗೆ ಇದೊಂದು ಹುಚ್ಚು. ಕೊಂಡ ಪೆಟ್ಟಿಗೆ ತೆರೆಯಲ್ಲ. ತೆರೆದ್ರೆ ಅದರ ಮರ್ಯಾದೆ ಹೋಗುತ್ತೆ. ಹತ್ತೊಂಬತ್ತು ವರ್ಷ ನೆವಿಲ್ ಅದರ ಮುಚ್ಚಳ ಮಾತ್ರ ನೋಡಿದ್ದ. ಅದು ಇದೆ ಅಂತ ಕ್ಲೈವ್‌ಗೂ ಹೇಳಿರಲಿಲ್ಲ.

"ಸಿಗಲ್ಲ," ಅಂದ.

ಪೆಟ್ಟಿಗೆಗೋಸ್ಕರ ಬಾಯಿಂದ ತಾನಾಗೇ ಬಿದ್ದ ಮಾತು. ಬಿದ್ದ ಮೇಲೆ ಅವಳ ಮುಖ ನೋಡಿದ. ಕೆಳತುಟಿ ಹಲ್ಲಲ್ಲಿ ಕಚ್ಚಿಕೊಂಡು ಅವಳು ತಲೆ ಆಡಿಸ್ತಿದ್ಲು, ನೆವಿಲ್‌ಗೆ ತಾನೇ ಸಮಾಧಾನ ಹೇಳೋ ಹಾಗೆ. ಅವನ ಎದೆಯಲ್ಲಿ ಏನೋ ಕಳಚಿ ಉರುಳ್ತು.

"ಆದ್ರೆ ನಾನು ಮಾಡ್ಕೊಡ್ತೀನಿ," ಅಂದ. "ಕ್ಲೈವ್ ಹತ್ರ ಚಾಸಿ ಪುಡಿಯಾದ ಒಂದರ ಮೇಲ್ಮೈ ಇದೆ. ಹಿತ್ತಾಳೇಲಿ ಹೊಸ ಚಾಸಿ ಕಟ್ತೀನಿ. ಏಳು ವಾರ ಹಿಡಿಯುತ್ತೆ."

"ಏಳು." ಅವಳು ಬೆರಳಲ್ಲಿ ಎಣಿಸಿದ್ಲು. "ಒಂದು ವಾರ ಉಳಿಯುತ್ತೆ."

ಅವತ್ತಿಂದ ಪ್ರತಿ ಮಂಗಳವಾರ ಅವಳು ಹಾಸ್ಪೈಸಿಂದ ಸೀದಾ ಹಾಲ್‌ಗೆ ಬರೋಳು. ಬರುವಾಗ ಅಪ್ಪನ ನೆನಪಿಂದ ಒಂದು ಸುದ್ದಿ ತರೋಳು.

"ಎಡಗಡೆ ಕಿಟಕಿ ಮುಚ್ತಾನೇ ಇರ್ಲಿಲ್ವಂತೆ. ಪೇಪರ್ ತುರುಕ್ತಿದ್ರಂತೆ."

ನೆವಿಲ್ ಅಕ್ಕಿಕಾಳಷ್ಟು ಪೇಪರ್ ಮಡಚಿ ಕಿಟಕಿಗೆ ತುರುಕಿದ.

"ಮೂಗಿನ ಮೇಲೆ ಒಂದು ತಗ್ಗು. ಆಸ್ಕಮ್ ಹತ್ರ ಹಸು ಗುದ್ದಿದ್ದು."

"ಎಂಜಿನ್ ಹಸುಗೆ ಗುದ್ದಿದ್ದೋ, ಹಸು ಎಂಜಿನ್‌ಗೋ?"

"ಹಸುನೇ. ಎಂಜಿನ್ ಕೆಟ್ಟು ನಿಂತಿತ್ತಲ್ಲ."

ನೆವಿಲ್ ನಕ್ಕ. ಅವನ ನಗು ಕೇಳಿ ಇಬ್ಬರು ಮೆಂಬರ್‌ಗಳು ಕೆಟಲ್ ಕೆಟ್ಟಿದೆ ಅಂತ ಎದ್ದು ನೋಡಿದ್ರು.

ಮೂರನೇ ವಾರ ಅವಳಿಗೆ ಬ್ರಷ್ ಕೊಟ್ಟ. ಹೊಸ ಮಾಡೆಲ್‌ಗೆ ಕೊಳೆ ಹಚ್ಚೋದೇ ಒಂದು ಕಸುಬು. ಇದ್ದಿಲು ಪುಡಿ, ತುಕ್ಕಿನ ಬಣ್ಣ, ಎಣ್ಣೆ ಇಳಿದ ಗೆರೆ.

"ಜಾಸ್ತಿ ಆಯ್ತು ಕಣ್ರೀ," ಅಂದ.

"ನಮ್ಮಪ್ಪನ ಎಂಜಿನ್ ಕೊಳಕಾಗೇ ಇತ್ತು."

"ಕೊಳಕಿಗೂ ಒಂದು ಅಳತೆ ಇದೆ."

"ನಿಮ್ಮ ಕಾಲರ್ ನೋಡಿದ್ರೆ ಗೊತ್ತಾಗುತ್ತೆ."

ಅವನು ಕಾಲರ್ ಮುಟ್ಟಿ ನೋಡ್ಕೊಂಡ. ಅವಳು ಎಂಜಿನ್ ಮೇಲಿಂದ ಕಣ್ಣು ತೆಗೀಲಿಲ್ಲ, ಆದ್ರೆ ಬಾಯಿಯ ಒಂದು ತುದಿ ಮೇಲಕ್ಕೆ ಹೋಗಿತ್ತು. ಬ್ರಷ್ ತಗೋಳ್ಳುವಾಗ ಬೆರಳಿಗೆ ಬೆರಳು ತಾಗ್ತು. ಇಬ್ಬರ ಬೆರಳೂ ಕಪ್ಪಾಯ್ತು. ಮುಂದಿನ ಮಂಗಳವಾರ ನೆವಿಲ್ ಹೊಸ ಶರ್ಟ್ ಹಾಕಿ ಬಂದ, ಅಂಗಡಿಯ ಮಡಿಕೆ ಗೆರೆ ಸಮೇತ.

"ಅಪ್ಪ ಅಮ್ಮನ್ನ ಮದುವೆಗೆ ಕೇಳಿದ್ದು ಗ್ರೇಂಜ್ ಸ್ಟೇಷನ್‌ನಲ್ಲಂತೆ," ಅಂದ್ಲು ಅವತ್ತು. "ಎಂಜಿನ್ ಕೆಟ್ಟು ನಾಲ್ಕು ಗಂಟೆ ನಿಂತಿತ್ತು. ಅಮ್ಮ ಅದೇ ರೈಲಲ್ಲಿದ್ಲು. ಕೇಳೋಕೆ ಅಪ್ಪ ಮೂರೂವರೆ ಗಂಟೆ ತಗೊಂಡ್ರು."

"ಬೇಗನೇ ಕೇಳಿದಾರೆ," ಅಂದ ನೆವಿಲ್.

ಅವಳು ಅವನನ್ನೇ ನೋಡಿದ್ಲು. ಅವನು ಸ್ಕ್ರೂ ಹುಡುಕೋಕೆ ಮೇಜಿನ ಕೆಳಗೆ ಹೋದ. ಅಲ್ಲಿ ಯಾವ ಸ್ಕ್ರೂನೂ ಬಿದ್ದಿರಲಿಲ್ಲ.

ಐದನೇ ಮಂಗಳವಾರ ಸುದ್ದಿ ಏನೂ ತರಲಿಲ್ಲ. ಕೋಟು ಕೂಡ ಬಿಚ್ಚಲಿಲ್ಲ.

"ಅಪ್ಪ ಈಗ ಮಾತಾಡ್ತಿಲ್ಲ ನೆವಿಲ್. ಕೈ ಮಾತ್ರ ಹೊದಿಕೆ ಮೇಲೆ ಹೀಗೆ ಹೀಗೆ ಆಡ್ತಾ ಇದೆ. ನರ್ಸ್ ಹೇಳ್ತಾಳೆ, ಏನೋ ಹಿಡ್ಕೊಳ್ಳೋಕೆ ನೋಡ್ತಿದಾರೆ ಅಂತ." ಅವನ ತೋಳು ಹಿಡ್ಕೊಂಡ್ಲು. "ಓಡದಿದ್ರೂ ಪರವಾಗಿಲ್ಲ. ಚಕ್ರ ಇಲ್ದಿದ್ರೂ ಪರವಾಗಿಲ್ಲ. ಇದನ್ನೇ ಕೊಡ್ತೀರಾ?"

ಎಂಜಿನ್ ಮೇಜಿನ ಮೇಲೆ ತುಂಡುತುಂಡಾಗಿ ಬಿದ್ದಿತ್ತು. ಮೇಲ್ಮೈಗೆ ವಾರ್ನಿಷ್ ಹೊಡೆದಿದ್ದ. ಇನ್ನೂ ಹಸಿ, ಮುಟ್ಟಿದ್ರೆ ಕೈಗೇ ಅಂಟುತ್ತೆ.

"ಇದು ಒಣಗೋಕೆ ಒಂದು ವಾರ ಬೇಕು."

"ಬೇರೆ ಯಾವುದಾದ್ರೂ? ಎಂಥಾದ್ದಾದ್ರೂ?"

ಈಗ ಹೇಳಬಹುದಿತ್ತು. ಮನೆ ಎರಡು ಬೀದಿ ಆಚೆ. ಹೋಗಿ ಬರೋಕೆ ಹತ್ತು ನಿಮಿಷ ಸಾಕು. ಆದ್ರೆ ಆ ಪೆಟ್ಟಿಗೆ ತಂದುಕೊಟ್ಟ ಗಳಿಗೆಗೇ ಎರಡು ವಿಷಯ ಬಯಲಾಗ್ತಿತ್ತು: ಅದು ಮೊದಲ ದಿನದಿಂದಲೂ ಇತ್ತು ಅನ್ನೋದು ಒಂದು, ಇನ್ನು ಅವಳು ಮಂಗಳವಾರ ಬರಬೇಕಾಗಿಲ್ಲ ಅನ್ನೋದು ಇನ್ನೊಂದು.

"ಹುಡುಕ್ತಾ ಇದೀನಿ," ಅಂದ.

ಮನೆಗೆ ಹೋಗಿ ಪೆಟ್ಟಿಗೆ ಹೊರಗೆ ತೆಗೆದ. ಸೀಲ್ ಮೇಲೆ ಹೆಬ್ಬೆರಳ ಉಗುರು ಇಟ್ಟ. ಎಷ್ಟು ಹೊತ್ತು ಇಟ್ಟಿದ್ದ ಅಂದ್ರೆ ಉಗುರು ಬೆಳೀತು ಅಂತ ನಾನು ಬೇರೆ ಕಡೆ ಹೇಳ್ತೀನಿ; ಇಲ್ಲಿ ಹೇಳಲ್ಲ. ಪೆಟ್ಟಿಗೆ ಮತ್ತೆ ಅಂಗಿಗಳ ಕೆಳಗೆ ಹೋಯ್ತು.

ಭಾನುವಾರ ಮಧ್ಯಾಹ್ನ ಐವರ್ ಕ್ಯಾಸನ್ ಹೋದ್ರು. ಕೈ ಖಾಲಿ ಇತ್ತು.

ಮಣ್ಣಿಗೆ ನಾವು ಹದಿನಾಲ್ಕೂ ಜನ ಹೋಗಿದ್ವಿ. ಸಮುದ್ರದ ಕಡೆಯಿಂದ ಬೀಸೋ ಗಾಳಿಗೆ ಪಾದ್ರಿಯ ಮಾತು ಒಂದೂ ಕೇಳಿಸಲಿಲ್ಲ. ಮ್ಯಾರಿಯನ್ ಅವತ್ತು ಎಲ್ಲರ ಎದುರಿಗೇ ನೆವಿಲ್ ಪಕ್ಕ ಬಂದು ನಿಂತ್ಲು. ಅವನು ಗೂಟದ ಹಾಗೆ ನಿಂತಿದ್ದ.

ಮನೆಗೆ ಬಂದವನೇ ಪೆಟ್ಟಿಗೆಯ ಸೀಲ್ ಹರಿದ. ಮುಚ್ಚಳ ತೆಗೆದ್ರೆ ಹಸಿರು ಮೇಲ್ಮೈ ಫಳಫಳ ಹೊಳೀತಿದೆ, ಮೇಲಿಂದ ನೋಡೋಕೆ ಒಂದು ಗೀರಿಲ್ಲ. ಎತ್ತಿದ. ಕೆಳಗಿನ ಭಾಗ ಕೈಗೆ ಬರಲೇ ಇಲ್ಲ. ಚಾಸಿ ಇರಬೇಕಾದ ಜಾಗದಲ್ಲಿ ಬೂದು ಪುಡಿ, ಅದರಲ್ಲಿ ಬಿದ್ದಿರೋ ಹತ್ತು ಚಕ್ರ. ಮೇಲ್ಮೈಯನ್ನೂ ಅದು ಒಳಗಿಂದ ಒತ್ತಿ ಒತ್ತಿ ಸೀಳಿಬಿಟ್ಟಿತ್ತು. ಬೆರಳಿಟ್ಟ ಕಡೆಯೆಲ್ಲ ಚೂರಾಗಿ ಉದುರ್ತು. ಯಾರ ಕೈಗೂ ಕೊಡೋ ಹಾಗಿರಲಿಲ್ಲ. ಯಾವತ್ತೋ ಸತ್ತಿತ್ತು.

ಮಾರನೇ ದಿನ ಕ್ಲೈವ್‌ಗೆ ಎಲ್ಲಾ ಹೇಳಿದ. ಮಾಂಸ ತುಂಬಿದ ಪೈ ಮಾರೋ ಅಂಗಡೀಲಿ ಕೂತಿದ್ರು. ಕ್ಲೈವ್ ತನ್ನ ಪೈ ಮುಗಿಸಿ ನೆವಿಲ್‌ದನ್ನೂ ಎಳ್ಕೊಂಡ.

"ಸಿಗಲ್ಲ ಅಂದೆ. ಇರ್ಲೂ ಇಲ್ಲ. ನೀನು ಹೇಳಿದ್ದು ನಿಜಾನೇ ಆಯ್ತಲ್ಲೋ ಮಾರಾಯ."

"ನನಗೆ ಗೊತ್ತಿರ್ಲಿಲ್ಲ ಕಣೋ."

"ಅವಳಿಗೂ ಗೊತ್ತಿಲ್ಲ. ಬಾಯಿ ಮುಚ್ಕೊಂಡು ಶರ್ಟ್ ಇಸ್ತ್ರಿ ಮಾಡ್ಸು."

ಮಂಗಳವಾರ ಮ್ಯಾರಿಯನ್ ಬಂದ್ಲು. ಐದುಕಾಲಿ ಮುಗಿದಿತ್ತು. ಪೇಪರ್ ತುರುಕಿದ ಕಿಟಕಿ, ಹಸುವಿನ ತಗ್ಗು, ಅವಳೇ ಹಚ್ಚಿದ ಕೊಳೆ. ಹೊಸ ಎಂಜಿನ್ನಿಗೆ ಒಂದು ಪದ್ಧತಿ ಇದೆ: ಅರ್ಧ ಗಂಟೆ ಮುಂದಕ್ಕೆ, ಅರ್ಧ ಗಂಟೆ ಹಿಂದಕ್ಕೆ, ನಿಧಾನವಾಗಿ, ಪಕ್ಕದಲ್ಲೇ ಕೂತು ಕಾಯ್ತಾ ಓಡಿಸಬೇಕು. ನಾವೆಲ್ಲ ಯಾವುದೋ ನೆಪ ಹೇಳಿ ಅಡುಗೆಮನೆಗೆ ಸೇರ್ಕೊಂಡ್ವಿ. ಆ ಅಡುಗೆಮನೇಲಿ ಇಬ್ಬರಿಗೆ ಜಾಗ. ಹದಿಮೂರು ಜನ ಒಂದೇ ಉಸಿರನ್ನ ಸರದಿ ಮೇಲೆ ಎಳ್ಕೊಂಡ್ವಿ.

ಐದುಕಾಲಿ ಸುತ್ತು ಹಾಕ್ತಿತ್ತು. ಎಲ್ಲೂ ನಿಲ್ಲಲಿಲ್ಲ.

"ಇಷ್ಟು ಚೆನ್ನಾಗಿ ಓಡಿದ್ರೆ ಅಪ್ಪ ನಂಬ್ತಿರಲಿಲ್ಲ," ಅಂದ್ಲು. ಆಮೇಲೆ ಅವನ ಕೈ ತಗೊಂಡು ತನ್ನ ಮಡಿಲಲ್ಲಿ ಇಟ್ಕೊಂಡ್ಲು. "ಒಂದು ಮಾತು ಹೇಳ್ಲಾ? ಇಷ್ಟು ವಾರ ಎಲ್ಲರೂ ನನಗೆ ಸುಳ್ಳು ಹೇಳಿದ್ರು. ಅಪ್ಪ ಎಂಟು ವಾರ ಇರ್ತಾರೆ ಅಂದ ಡಾಕ್ಟರು. ಮುಂದಿನ ವಾರ ಬರ್ತೀನಿ ಅಂದ ನನ್ನ ತಮ್ಮ. ನೀನೊಬ್ಬನೇ ಮೊದಲ ದಿನ ಮುಖ ನೋಡಿ, ಸಿಗಲ್ಲ ಅಂತ ನೇರವಾಗಿ ಹೇಳಿದ್ದು."

ನೆವಿಲ್ ಸುತ್ತು ಹಾಕ್ತಿದ್ದ ಎಂಜಿನ್ ಕಡೆ ಕಣ್ಣು ತಿರುಗಿಸಿದ.

"ಭಾನುವಾರ ಊಟಕ್ಕೆ ಬಾ. ಆಮೇಲೂ ಬಾ. ನನಗೆ ಇನ್ನು ಕೆಟ್ಟು ನಿಂತ ರೈಲಲ್ಲಿ ಕಾಯೋಕೆ ವಯಸ್ಸಿಲ್ಲ."

ಅವಳ ಕಣ್ಣು ಅವನ ಮೇಲಿತ್ತು. ಅಂಥ ಕಣ್ಣಲ್ಲಿ ಯಾರೂ ಅವನನ್ನ ಯಾವತ್ತೂ ನೋಡಿರಲಿಲ್ಲ. ತಲೆ ಆಡಿಸಿದ್ರೆ ಸಾಕಿತ್ತು. ಆದ್ರೆ ಒಳಗೆ ಸೀಸ ಬೆರೆತದ್ದನ್ನ ಹೊರಗೆ ಹೊಳಪು ಕೊಟ್ಟು ಇಟ್ರೆ ಏನಾಗುತ್ತೆ ಅಂತ ನಮ್ಮ ಕ್ಲಬ್ಬಲ್ಲಿ ಅವನಷ್ಟು ಚೆನ್ನಾಗಿ ತಿಳಿದೋರು ಇರಲಿಲ್ಲ.

"ಮ್ಯಾರಿಯನ್, ಒಂದು ವಿಷಯ," ಅಂದ.

ಬುದ್ಧಿ ಇರೋ ಯಾರಾದ್ರೂ ಪುಡಿಯಿಂದ ಶುರು ಮಾಡ್ತಿದ್ರು. ನೆವಿಲ್ ನಮ್ಮವನು. ನಮ್ಮವರು ಯಾವುದನ್ನೇ ಹೇಳಿದ್ರೂ ತಯಾರಾದ ವರ್ಷದಿಂದ ಶುರು ಮಾಡಿ, ಕ್ರಮ ತಪ್ಪದೆ ಹೇಳ್ತಾರೆ.

"ಹತ್ತೊಂಬತ್ತು ವರ್ಷದ ಹಿಂದೆ ಐನೂರು ಪೀಸ್ ಬಂತಲ್ಲ. ಅದರಲ್ಲಿ ಮುನ್ನೂರ ನಲವತ್ತೆರಡನೇದು ನನ್ನದು. ಪೆಟ್ಟಿಗೆ ತೆರೆದಿರಲಿಲ್ಲ. ಬೀರುವಲ್ಲಿತ್ತು."

ಅವಳಿಗೆ ತಕ್ಷಣ ಅರ್ಥ ಆಗಲಿಲ್ಲ. ಎಂಜಿನ್ ಒಂದು ಸುತ್ತು ಹೋಗಿ ಬಂತು.

"ಮೊದಲ ದಿನಾನೂ ಇತ್ತಾ?"

"ಇತ್ತು."

"ಯಾವುದಾದ್ರೂ ಸಾಕು ಅಂತ ನಿನ್ನ ತೋಳು ಹಿಡ್ಕೊಂಡಾಗ?"

"ಆಗಲೂ."

"ಅಪ್ಪನ ಕೈ..." ಅಂದ್ಲು, ಮುಂದೆ ಹೇಳಲಿಲ್ಲ. ಅವನ ಕೈ ಎತ್ತಿ ಪಕ್ಕಕ್ಕಿಟ್ಲು, ಮೇಜಿನ ಮೇಲಿನ ಸಾಮಾನು ಸರಿಸೋ ಹಾಗೆ. "ಯಾಕೆ?"

"ಕೊಟ್ರೆ ನೀನು ಮತ್ತೆ ಬರ್ತಿರಲಿಲ್ಲ. ನನಗೆ ನೀನು ಬರಬೇಕಿತ್ತು. ಆರು ಮಂಗಳವಾರ ನಾನು ಬದುಕಿದ್ದೇ ಅದಕ್ಕೆ. ಇದಕ್ಕೆ ಏನು ಹೆಸರೋ, ಅದು."

ಅಡುಗೆಮನೇಲಿ ಕ್ಲೈವ್ ಹಣೆ ಹಣೆ ಚಚ್ಕೊಂಡ. "ಪುಡಿ ಹೇಳೋ, ಪುಡಿ ಹೇಳೋ," ಅಂತ ಗೋಡೆಗೆ ಹೇಳ್ತಿದ್ದ.

ಮ್ಯಾರಿಯನ್ ಎದ್ದು ಕೋಟು ಹಾಕ್ಕೊಂಡ್ಲು. ಗುಂಡಿ ಒಂದನ್ನ ತಪ್ಪಾಗಿ ಹಾಕಿದ್ಲು, ಸರಿ ಮಾಡ್ಕೊಳ್ಳಲಿಲ್ಲ. ಎಂಜಿನ್ ಕಡೆ ನೋಡಲಿಲ್ಲ.

"ಇನ್ನೂ ಇದೆ," ಅಂದ ನೆವಿಲ್, ಎದ್ದು ನಿಂತು. "ಕ್ರಮವಾಗಿ ಹೇಳ್ತೀನಿ, ಒಂದ್ನಿಮಿಷ. ಮಣ್ಣಾದ ದಿನ ಮನೆಗೆ ಹೋದೆ. ಬೀರು ತೆಗೆದೆ. ಸೀಲ್ ಹರಿದೆ. ಮ್ಯಾರಿಯನ್, ಕೇಳು, ಮುಚ್ಚಳ ತೆಗೆದು ನೋಡಿದ್ರೆ ಆ ಪೆಟ್ಟಿಗೆ ಒಳಗೆ ಇದ್ದಿದ್ದು ಬರೀ—"