ಪೆಟ್ಟಿಗೆಯಲ್ಲಿ ಸಿಕ್ಕ ಉಂಗುರ

ಬೆಳಿಗ್ಗೆ ಎಂಟಕ್ಕೆ ಉಂಗುರ ಕಾಣೆಯಾಯಿತು. ಎಂಟೂಕಾಲಿಗೆ ಸಿಕ್ಕಿತು.

ಮುದುಕಿಯ ಬಲಗೈಯಲ್ಲಿ ಮೂವತ್ತು ವರ್ಷ ಇದ್ದ ಕೆಂಪು ಹರಳಿನ ಉಂಗುರ. ಸಿಕ್ಕಿದ್ದು ಅವಳನ್ನು ನೋಡಿಕೊಳ್ಳುವ ಹೆಂಗಸಿನ ಪೆಟ್ಟಿಗೆಯಲ್ಲಿ, ಹೊಸ ಸ್ವೆಟರಿನ ತೋಳಿನೊಳಗೆ. ಆ ಹೆಂಗಸು ಹೊರದೇಶದವಳು. ಏಳು ವರ್ಷದಿಂದ ಈ ಮನೆಯಲ್ಲೇ ಇದ್ದವಳು. ಊರಿನಲ್ಲಿ ಅವಳ ತಾಯಿ ಇವತ್ತೋ ನಾಳೆಯೋ ಎಂಬಂತಿದ್ದಳು. ಮಧ್ಯಾಹ್ನ ಎರಡಕ್ಕೆ ವಿಮಾನ.

ಒಂಬತ್ತಕ್ಕೆ ಸಬ್ ಇನ್‌ಸ್ಪೆಕ್ಟರ್ ಮೇಡಂ ಬಂದರು. ನಿವೃತ್ತಿಗೆ ಎರಡು ವರ್ಷ, ಎರಡೂ ಮಂಡಿಯಲ್ಲಿ ನೋವು, ಮೂಗಿನ ತುದಿಯಲ್ಲಿ ಕೋಪ.

"ಮಾಲು ಸಿಕ್ಕಿದೆ, ಕಳ್ಳಿನೂ ಸಿಕ್ಕಿದ್ದಾಳೆ. ಇನ್ನೇನು ಬೇಕು ಮೇಡಂ?" ಎಂದ ಮನೆಯ ಮಗ. ಅವಳಿಂದ ಕಿತ್ತುಕೊಂಡ ಫೋನು ಅವನ ಜೇಬಲ್ಲಿತ್ತು.

"ಕೂರೋಕೆ ಒಂದು ಕುರ್ಚಿ ಬೇಕು."

ಮುದುಕಿಯ ಕೋಣೆಯಲ್ಲೇ ಕುರ್ಚಿ ಹಾಕಿದರು. ಒಂದು ಮಂಚ, ನೆಲದ ಮೇಲೆ ಸುತ್ತಿಟ್ಟ ಹಾಸಿಗೆ. ನೋಡಿಕೊಳ್ಳುವವಳಿಗೆ ಬೇರೆ ಕೋಣೆಯಿಲ್ಲ. ಅವಳ ಪೆಟ್ಟಿಗೆ ಇರುವುದು ಮುದುಕಿಯ ಮಂಚದ ಕೆಳಗೆ.

"ಇದಕ್ಕೆ ಬೀಗ ಯಾಕಿಲ್ಲ?"

"ಬೀಗ ಕಂಡ್ರೆ ಅಮ್ಮ ಅಳ್ತಾರೆ ಮೇಡಂ. ಹೊರಟುಬಿಡ್ತೀಯಾ ಅಂತ," ಎಂದಳು ಆ ಹೆಂಗಸು.

ಲಕ್ವ ಹೊಡೆದ ಮುದುಕಿಯ ಬಲಗೈ ದಿಂಬಿನ ಮೇಲೆ ಸತ್ತಂತೆ ಬಿದ್ದಿತ್ತು. ಉಂಗುರವಿದ್ದ ಬೆರಳು ಊದಿತ್ತು. ಗೆಣ್ಣಿನ ಸುತ್ತ ಐದಾರು ಹಸಿ ಗೀರು. ಅದರ ಮೇಲೆ ಮೈಗೆ ಹಚ್ಚುವ ಕ್ರೀಮಿನ ಜಿಡ್ಡು.

"ಯಾರು ತೆಗೆದ್ರು ಅಜ್ಜಿ?"

"ನಿದ್ದೆ ಹತ್ತಿತ್ತಮ್ಮ. ಜೈಲಿಗೆಲ್ಲ ಹಾಕ್ಬೇಡಿ ಅವಳನ್ನ. ಎಲ್ಲೂ ಹೋಗ್ದೇ ಇದ್ರೆ ಸಾಕು."

ಮೇಡಂ ಆ ಹೆಂಗಸಿನ ಎರಡೂ ಕೈ ಹಿಡಿದು ನೋಡಿದರು. ಉಗುರುಗಳನ್ನು ಮಾಂಸದ ಮಟ್ಟಕ್ಕೆ ಕತ್ತರಿಸಿಕೊಂಡಿದ್ದಳು.

"ಅವರ ಚರ್ಮ ತುಂಬಾ ತೆಳು ಮೇಡಂ. ಉಗುರು ತಾಗಿದ್ರೆ ಕಿತ್ತು ಬರುತ್ತೆ."

* * *

ಅಡುಗೆಮನೆಯಲ್ಲಿ ಸೊಸೆ. ಉದ್ದುದ್ದ ಉಗುರು, ಬಣ್ಣ ಬೇರೆ.

"ಇವಳು ಹೋದ್ರೆ ಅತ್ತೆನ ಯಾರು ನೋಡ್ಕೋತಾರೆ?" ಎಂದು ಕೇಳಿದರು ಮೇಡಂ.

"ಇನ್ಯಾರು? ನಾನೇ ಸಾಯ್ಬೇಕು."

ಮೇಡಂ ಹುಬ್ಬೇರಿಸಿದರು. ಕಾರಣವೂ ಇದೆ, ಉಗುರೂ ಇದೆ. ಆದರೆ ಸೊಸೆಗೆ ರಾತ್ರಿ ಪಾಳಿ. ಫೋನ್ ಮಾಡಿದರೆ ಆಫೀಸಿನವರು, ಅವಳು ಹೊರಟಿದ್ದೇ ಏಳೂ ನಲವತ್ತಕ್ಕೆ ಎಂದರು. ಮನೆ ಮುಟ್ಟಿದ್ದು ಎಂಟಕ್ಕೆ. ಏಳಕ್ಕೆ ಮಾತ್ರೆ ಕೊಡುವಾಗ ಉಂಗುರ ಬೆರಳಲ್ಲೇ ಇತ್ತು. ಆಮೇಲೆ ನೋಡಿಕೊಳ್ಳುವವಳು ಅರ್ಧ ಗಂಟೆ ಬಟ್ಟೆ ಒಣಹಾಕಲು ಹೋಗಿದ್ದಳು. ಬಂದು, ಉಂಗುರ ಇಲ್ಲವೆಂದು ಕೂಗಿಕೊಂಡವಳೂ ಅವಳೇ. ಕದ್ದವಳು ಹಾಗೆ ಊರೆಲ್ಲ ಸಾರುತ್ತಾಳೆಯೇ? ಆಗ ಮನೆಯಲ್ಲಿದ್ದ ಇನ್ನೊಬ್ಬನೆಂದರೆ ಈ ಮಗ. ಅವನು ಉಗುರು ಕಚ್ಚುವ ಚಟದವನು. ಹತ್ತು ಬೆರಳೂ ಬೋಳು.

"ಪೆಟ್ಟಿಗೆ ನೋಡೋಣ ಅಂದಿದ್ಯಾರು?"

"ಅಮ್ಮನೇ," ಎಂದ ಮಗ.

* * *

ಮೇಡಂ ಮಂಚದ ಬಳಿ ಹೋಗಿ ಹೊದಿಕೆ ಸರಿಸಿದರು. ಮುದುಕಿಯ ಎಡಗೈ ಎತ್ತಿದರು. ಉಗುರುಗಳು ಬೆಳೆದಿದ್ದವು. ಸಂದಿಯಲ್ಲಿ ಕ್ರೀಮು.

"ಇದನ್ಯಾಕೆ ಕತ್ತರಿಸಿಲ್ಲ?"

"ಟಿಕೆಟ್ ಬಂದಾಗಿಂದ ಕತ್ತರಿಸೋಕೆ ಬಿಡ್ತಿಲ್ಲ," ಎಂದಳು ಆ ಹೆಂಗಸು. ಅವಳ ಮುಖ ಬಿಳಿಚಿತು.

"ಅಮ್ಮಂಗೆ ಲೋಟ ಎತ್ತೋಕೂ ಆಗಲ್ಲ ಮೇಡಂ," ಎಂದ ಮಗ.

"ನೀವು ನೋಡಿದ್ದು ಯಾವಾಗ?"

ಮೇಡಂ ಮುದುಕಿಯ ಎಡಗೈ ಬೆರಳುಗಳನ್ನು ಮಡಚಿ ಬಿಡಿಸಿ ನೋಡಿದರು.

"ಎಡಗೈ ಚೆನ್ನಾಗಿದೆ. ಇವಳು ತಿನ್ನಿಸ್ಲಿ ಅಂತ ಎತ್ತಲ್ಲ, ಅಷ್ಟೇ. ಕ್ರೀಮ್ ಹಚ್ಚಿ, ಗೀರು ಬಿದ್ರೂ ಬಿಡದೆ ಉಂಗುರ ಎಳೆದ್ರು. ಕೈ ಇಳಿಬಿಟ್ರೆ ಪೆಟ್ಟಿಗೆ. ಬೀಗ ಇಲ್ಲ. ಕೇಸಾದ್ರೆ ಇವಳು ವಿಮಾನ ಹತ್ತೋ ಹಾಗಿಲ್ಲ. ಹೌದಾ ಅಜ್ಜಿ?"

ಮುದುಕಿ ಎಡಗೈಯನ್ನು ಹೊದಿಕೆಯೊಳಗೆ ಎಳೆದುಕೊಂಡಳು. "ಏಳು ವರ್ಷ ಅಮ್ಮಾ ಅಂದ್ಲು. ಅಮ್ಮನ್ನ ಯಾರಾದ್ರೂ ಬಿಟ್ಟು ಹೋಗ್ತಾರಾ?"

ಆ ಹೆಂಗಸು ಮುದುಕಿಯ ಹೊದಿಕೆ ಸರಿಮಾಡಿದಳು.

"ಹಾಗೆ ಕರೀಬೇಕು ಅಂತ ಮೊದಲನೇ ದಿನಾನೇ ಹೇಳಿದ್ರು. ನನ್ನಮ್ಮ ಅಲ್ಲಿದ್ದಾಳೆ."

"ವಯಸ್ಸಾದವರು, ಹೋಗ್ಲಿ ಬಿಡಿ. ಇವಳು ಮುಂದಿನ ವಾರ ಹೋದ್ರಾಯ್ತು," ಎಂದ ಮಗ.

"ಸುಳ್ಳು ದೂರು ಅಂತ ಬರ್ಕೊಳ್ಳಲಾ?" ಮೇಡಂ ಕೈಚಾಚಿದರು. "ಇವಳ ಫೋನು ನಿಮ್ಮ ಜೇಬಲ್ಲಿದೆ. ಕೊಡಿ."

* * *

ಜೀಪು ವಿಮಾನ ನಿಲ್ದಾಣದ ರಸ್ತೆ ಹಿಡಿಯಿತು. ಇನ್ನೂ ಮೂರು ಗಂಟೆ ಸಮಯವಿತ್ತು. ಅವಳು ಫೋನ್ ಹಚ್ಚಿ ಅಣ್ಣನೊಂದಿಗೆ ತನ್ನ ಭಾಷೆಯಲ್ಲಿ ಮಾತಾಡಿದಳು. ಆಮೇಲೆ ಫೋನನ್ನು ಮಡಿಲಲ್ಲಿ ಬೋರಲು ಇಟ್ಟಳು.

"ಅಣ್ಣ ನಾಲ್ಕು ಸಲ ಫೋನ್ ಮಾಡಿದ್ನಂತೆ. ಅಮ್ಮ ನನ್ನ ದನಿ ಕೇಳ್ಬೇಕು ಅಂದ್ಲಂತೆ. ಇಲ್ಲಿನ ಒಂಬತ್ತೂವರೆಗೆ ಹೋಗ್ಬಿಟ್ಲು."

ಒಂಬತ್ತೂವರೆಗೆ ತಾನು ಅವಳ ಉಗುರು ನೋಡುತ್ತಿದ್ದೆ ಎಂದು ಮೇಡಂಗೆ ಹೊಳೆಯಿತು.

"ಆ ಮನೇಲಿ ಅಳೋ ಹಾಗಿರಲಿಲ್ಲ," ಎಂದಳು ಅವಳು. "ಅವರಿಗೆ ಬಿ.ಪಿ. ಏರುತ್ತೆ ಅಂತ. ಇಲ್ಲಿ ಅಳಬಹುದಾ ಮೇಡಂ?"

ಮೇಡಂ ಡ್ರೈವರಿಗೆ ಗಾಡಿ ಬದಿಗೆ ನಿಲ್ಲಿಸಲು ಹೇಳಿದರು.