ರಾಜಕುಮಾರನ ಬೆಳ್ಳಿ ಲೋಟಗಳು

ಯಾವ ಕಾಲ ಅಂತ ಕೇಳಬೇಡಿ, ಮಣಿಮಂತವೆಂಬ ರಾಜ್ಯದಲ್ಲಿ ಚಿತ್ರರಥನೆಂಬ ರಾಜಕುಮಾರನಿದ್ದ. ಅವನಿಗೊಂದು ಹುಚ್ಚು. ಕಡಲಾಚೆಯ ವಿಕ್ಟೋರಿಯಾ ರಾಣಿಯ ಕಾಲದ ಅಪ್ಪಟ ಬೆಳ್ಳಿ ಲೋಟಗಳನ್ನು ಕೂಡಿಡುವುದು. ಲೋಟ ಹಳೆಯದಾದಷ್ಟೂ ಇಷ್ಟ, ಆದರೆ ಹಳೆಯದಾಗಿ ಕಾಣಬಾರದಂತೆ! ಹುಣಸೆಹಣ್ಣು, ಬೂದಿ ಹಿಡಿದು ತಾನೇ ಕೂತು ಉಜ್ಜುತ್ತಿದ್ದ. ಕಪ್ಪು ಕಂಡರೆ ಅವನ ಕೈ ಸುಮ್ಮನಿರುತ್ತಿರಲಿಲ್ಲ.

ಒಂದು ಜೊತೆ ಲೋಟದಲ್ಲಿ ಒಂದೇ ಸಿಕ್ಕಿತ್ತು. ಇನ್ನೊಂದು ಬೇಕೇ ಬೇಕೆಂದು ಹಟ ಹಿಡಿದು ಕೂತ. ಅವನನ್ನು ಎತ್ತಿ ಆಡಿಸಿದ ಅಕ್ಕ ರತ್ನಮಾಲೆಗೆ ನೋಡಲಾಗಲಿಲ್ಲ.

"ಮುಖ ಸಣ್ಣ ಮಾಡ್ಕೋಬೇಡ ಕಣೋ. ಧೂಮ್ರಕನ ಹತ್ತಿರ ಇದೆಯಂತೆ, ನಾನೇ ತರ್ತೀನಿ" ಎಂದು ಹೊರಟಳು.

ಧೂಮ್ರಕ ದುಷ್ಟ ಮಾಂತ್ರಿಕ. ಅದೇ ಲೋಟದಲ್ಲಿ ಪಾನಕ ಕೊಟ್ಟ. ಕುಡಿದವಳು ಲೋಟದೊಳಗೇ ಸೆರೆಯಾದಳು. ಹೊರಮೈಯಲ್ಲಿ ಅವಳ ಹೆಸರು ತಾನಾಗಿ ಕೊರೆದುಕೊಂಡಿತು.

ಸುದ್ದಿ ತಿಳಿದ ಚಿತ್ರರಥ ಓಡೋಡಿ ಬಂದ. ಮಾಂತ್ರಿಕ ನಕ್ಕ. "ಮೂರು ಸಲ ಎರಡೆರಡು ಲೋಟ ಇಡುತ್ತೇನೆ. ಅಪ್ಪಟ ಬೆಳ್ಳಿಯದರಲ್ಲಿ ಕುಡಿದರೆ ನನ್ನ ಶಕ್ತಿ ಇಳಿಯುತ್ತದೆ. ಇನ್ನೊಂದರಲ್ಲಿ ವಿಷ."

ಮೊದಲ ಸಲ ರಾಜಕುಮಾರ ಉಗುರಿನಿಂದ ತಟ್ಟಿ, ನಾದ ಬಹಳ ಹೊತ್ತು ಉಳಿದದ್ದರಲ್ಲಿ ಕುಡಿದ. ಮಾಂತ್ರಿಕನ ಗಡ್ಡ ಉದುರಿತು. ಎರಡನೆಯ ಸಲ ಅಂಗೈಯಲ್ಲಿ ತೂಗಿ, ಭಾರವಾದದ್ದರಲ್ಲಿ ಕುಡಿದ. ಮಾಂತ್ರಿಕನ ನಾಲಗೆ ತೊದಲಿತು. ಮೂರನೆಯ ಸಲ ಎತ್ತಿ ತಳ ನೋಡಿದ. ಅಪ್ಪಟ ಬೆಳ್ಳಿಯ ಗುರುತೆಂದರೆ ಮುಂಗಾಲೆತ್ತಿ ನಡೆಯುವ ಪುಟ್ಟ ಸಿಂಹ. ಒಂದರಲ್ಲಿ ಅದು ನಡೆಯುತ್ತಿತ್ತು, ಇನ್ನೊಂದರಲ್ಲಿ ಕೂತಿತ್ತು. ನಡೆಯುವ ಸಿಂಹದ ಲೋಟದಲ್ಲಿ ಕುಡಿದ. ಸಿಂಹ ಕೆಳಗೆ ಜಿಗಿದು, ಹೋರಿಯಷ್ಟು ಬೆಳೆದು, ಮಾಂತ್ರಿಕನನ್ನು ನುಂಗಿಬಿಟ್ಟಿತು.

"ಇಲ್ಲಿ ಸೆರೆಯಾದವರು ಬಹಳ ಜನ. ಲೋಟಗಳಿಗೆ ಹಾಲು ತುಂಬಿ, ಕೊರೆದ ಹೆಸರು ಓದಿ ಕರೆ. ಆ ಅಕ್ಷರಗಳ ಗೆರೆಯೇ ಅವರಿಗೆ ಬಾಗಿಲು" ಎಂದು ಸಿಂಹ ಹೇಳಿತು.

ಲೋಟಗಳನ್ನೆಲ್ಲ ಅರಮನೆಗೆ ತಂದದ್ದಾಯಿತು. ಊರೇ ಸೇರಿತು. ಅಕ್ಕನ ಲೋಟಕ್ಕೆ ಮಾತ್ರ ಹೊಗೆ ಹಿಡಿದು ಮಸಿಯಾಗಿತ್ತು. ಅಕ್ಕ ಬರುವ ಹೊತ್ತಿಗೆ ಹೀಗಿರಬಹುದೇ? ರಾಜಕುಮಾರ ಬೂದಿ ತರಿಸಿ ಉಜ್ಜಲು ಕೂತ.

"ಸಾಕು ಬಿಡಿ ಬುದ್ಧಿ" ಎಂದಳು ಮುದಿ ದಾಸಿ.

"ಇನ್ನೊಂದು ಚೂರು" ಎಂದ ಅವನು.

ಅಯ್ಯೋ, ಸಿಂಹದ ಮಾತು ಅವನ ಕಿವಿಗೆ ಬಿದ್ದಿತ್ತು, ಕೈಗೆ ಬಿದ್ದಿರಲಿಲ್ಲ. ಹೆಸರೋ ಕೂದಲೆಳೆಯಷ್ಟು ಸಣ್ಣ ಗೆರೆಯದು.

ಒಂದು ಲೋಟದಿಂದ ಬಳೆಗಾರ ಬಂದ, ಇನ್ನೊಂದರಿಂದ ಗಾಣಿಗರ ಮದುಮಗಳು ಬಂದಳು. ಅಪ್ಪುಗೆಯೇ ಅಪ್ಪುಗೆ. ಚಿತ್ರರಥ ಅಕ್ಕನ ಲೋಟಕ್ಕೆ ಹಾಲೆರೆದು ಹೆಸರು ಓದಲು ಹೋದ. ಸುತ್ತ ತಿರುಗಿಸಿದ. ಹೆಸರಿನ ಗೆರೆ ಸವೆದೇ ಹೋಗಿತ್ತು, ಎಲ್ಲಿ ನೋಡಿದರೂ ಅವನ ಮುಖವೇ ಹೊಳೆಯುತ್ತಿತ್ತು. "ರತ್ನಮಾಲಕ್ಕಾ" ಎಂದು ಕರೆದ.

"ಬಂದೆ ಕಣೋ" ಎಂದಿತು ಒಳಗಿನ ದನಿ. "ಬಾಗಿಲೆಲ್ಲಿ?"

ದುಷ್ಟ ಅಳಿದ, ಮನೆಮನೆಯಲ್ಲೂ ದೀಪ ನಕ್ಕಿತು, ಮಣಿಮಂತದ ಜನ ನೂರು ಕಾಲ ಸುಖವಾಗಿದ್ದರು. ರಾಜಕುಮಾರ ಮಾತ್ರ ಪಶ್ಚಾತ್ತಾಪದಲ್ಲಿ ಬೆಂದ. ಬಹಳ ದಿನ ಅಕ್ಕ ಬಾಗಿಲು ಕೇಳುತ್ತಲೇ ಇದ್ದಳು. ಆಮೇಲೆ ಕೇಳುವುದನ್ನು ಬಿಟ್ಟಳು. ಅವನು ಅಳುವುದು ಕೇಳಿಸಿದಾಗ ಮಾತ್ರ, "ಇಲ್ಲಿ ತಂಪಾಗಿದೆ ಕಣೋ ತಮ್ಮಾ, ನೀನು ಹೋಗಿ ಮಲಗು" ಅನ್ನುತ್ತಿದ್ದಳು.