ಅಣ್ಣನ ತೊಡೆಯ ಮೇಲಿಟ್ಟ ರಿವಾಲ್ವರ್

ದೆವ್ವ ಕಂಡೆ ಎಂದು ನಾನು ಹೇಳುತ್ತಿಲ್ಲ. ಗುಂಜೋಟಿಯ ನಮ್ಮ ಹೊಲದಲ್ಲಿ ಹಾಡಹಗಲೇ ಕಿವಿಗೆ ಬಿದ್ದದ್ದನ್ನಷ್ಟೇ ಹೇಳುತ್ತೇನೆ. ರಜಾಕಾರರಿಗೆ ಹೆದರಿ ಅಣ್ಣ ಮಾಣಿಕಪ್ಪ ಅಂಗೈಯಗಲದ ರಿವಾಲ್ವರ್ ಕೊಂಡಿದ್ದ. ದಿನಾ ಗಡಿಗೆಗೆ ಗುರಿಯಿಟ್ಟು ಹೊಡೆದು, ಆಮೇಲೆ ಅಂಗಿಯೊಳಗೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ. ರಜಾಕಾರರು ಹೋದರು, ದಾಯಾದಿಗಳು ಉಳಿದರು. ಬದುವಿನ ಜಗಳದಲ್ಲಿ ಚಿಕ್ಕಪ್ಪನ ಮಗ ಶರಣಪ್ಪ ಹಿಂದಿನಿಂದ ಕೊಡಲಿ ಹಾಕಿದ. ರಿವಾಲ್ವರ್ ಸೊಂಟದಲ್ಲೇ ಇತ್ತು.

ನಮ್ಮಲ್ಲಿ ಸತ್ತವರನ್ನು ಹೊಲದಲ್ಲೇ ಕೂಡ್ರಿಸಿ ಹೂಳುತ್ತೇವೆ. ಅಣ್ಣನ ಎಡಗೈಯಲ್ಲಿ ಇಷ್ಟಲಿಂಗವಿಟ್ಟರು. ಪರವಾನಗಿಯಿಲ್ಲದ ರಿವಾಲ್ವರ್ ಪೊಲೀಸರ ಕೈಗೆ ಸಿಗದಿರಲೆಂದು ನಾನೇ ಗುಂಡು ತೆಗೆದು, ಅವನ ತೊಡೆಯ ಮೇಲಿಟ್ಟು ವಿಭೂತಿಯಿಂದ ಮುಚ್ಚಿದೆ.

ಸಾಕ್ಷಿಯಿಲ್ಲದೆ ಬಿಡುಗಡೆಯಾದ ಶರಣಪ್ಪ ಒಂದು ಮಧ್ಯಾಹ್ನ ಆ ಸಮಾಧಿಯ ಪಕ್ಕದಲ್ಲೇ ಹಾದುಹೋದ. ನೆಲದೊಳಗೆ ರಿವಾಲ್ವರಿನ ಕುದುರೆ ಎಳೆದ ಸದ್ದಾಯಿತು. ಹಿಂದೆಯೇ ಗುಂಡು ಹಾರಿತು, ಗಡಿಗೆಯೊಳಗಿನಿಂದ ಹಾರಿದಂತೆ. ಉರಿಬಿಸಿಲಲ್ಲೂ ನನ್ನ ಅಂಗಾಲು ತಣ್ಣಗಾಯಿತು, ಮದ್ದಿನ ವಾಸನೆ ಬಂತು. ಶರಣಪ್ಪ ತಿರುಗಿಯೂ ನೋಡಲಿಲ್ಲ.

ಕಳೆ ತೆಗೆಯುತ್ತಿದ್ದ ಅತ್ತಿಗೆ ಚಂಪಾಬಾಯಿ ಕುರ್ಪಿ ಕೆಳಗಿಟ್ಟಳು.

“ಜೀವ ಇದ್ದಾಗ ಹೊರಗ ತೆಗೀಲಿಲ್ಲ ಅವ್ರು. ಈಗ ಯಾರಿಗಿ ಅಂಜಸ್ತಾರ?” ಅಂದಳು.

ನಾನು ಮನೆಗೆ ಬಂದು, ಗುಂಡುಗಳನ್ನು ಬಚ್ಚಿಟ್ಟಿದ್ದ ಡಬ್ಬಿ ತೆರೆದೆ. ಅವುಗಳಲ್ಲಿ ಒಂದು ಸಿಡಿದು ಖಾಲಿ ತೋಟಾ ಆಗಿತ್ತು. ಮುಟ್ಟಿದೆ. ಇನ್ನೂ ಬಿಸಿಯಿತ್ತು.